ಬ್ಯಾಂಕಿಗೆ ದರ್ಜೆ ಬಂದ ವರ್ಷ

ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು ದರ್ಜೆ ಕೇಳುತ್ತಾರೆ. ಹುಡುಗ ಯಾವ ದರ್ಜೆ, ಹುಡುಗಿ ಕೆಲಸದಲ್ಲಿದ್ದರೆ ಅವಳದು ಯಾವುದು, ಮುಂದೆ ಬಡ್ತಿಯ ಯೋಗ ಇದೆಯೋ ಇಲ್ಲವೋ. ಒಂದು ದರ್ಜೆ ಹೆಚ್ಚುಕಮ್ಮಿ ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡಾದರೆ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಎರಡು ದರ್ಜೆ ಆಚೆಯವರ ಮಾತು ನಮ್ಮೂರಲ್ಲಿ ಕೇಳಿಸುವುದಿಲ್ಲ. ತುಟಿ ಆಡುವುದು ಕಾಣುತ್ತದೆ. ಕಿರುಚಿದರೂ ಅಷ್ಟೆ, ಕಿವಿಗೆ ಬಾಯಿಟ್ಟು ಹೇಳಿದರೂ ಅಷ್ಟೆ. ಚೀಟಿ ಬರೆದು ಕೊಡಬಹುದು, ಬೇಡ ಅನ್ನುವವರಿಲ್ಲ. ಆದರೆ ಚೀಟಿಯಲ್ಲಿ ಯಾರು ಜಗಳ ಆಡುತ್ತಾರೆ?

ದರ್ಜೆ ಇಲ್ಲದವರಿಗೆ ಈ ರಗಳೆ ಇಲ್ಲ. ಮಕ್ಕಳು, ಸೊಪ್ಪು ಮಾರುವವರು, ಕ್ಷೌರದವರು, ನಿವೃತ್ತರಾದವರು, ಇವರಿಗೆಲ್ಲ ಎಲ್ಲರ ಮಾತೂ ಕೇಳಿಸುತ್ತದೆ, ಇವರ ಮಾತು ಎಲ್ಲರಿಗೂ ಕೇಳಿಸುತ್ತದೆ. ದೊಡ್ಡ ಅಧಿಕಾರಿಗಳು ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಹೊರಗೆ ಬಂದಾಗ, ಗೇಟಿನವನು ಇಷ್ಟು ವರ್ಷ ಸಲಾಮು ಹೊಡೆಯುತ್ತಾ ಬಾಯಲ್ಲಿ ಏನು ಅನ್ನುತ್ತಿದ್ದ ಅಂತ ಮೊದಲ ಸಲ ಕೇಳಿಸುತ್ತದೆ. ಕೆಲವರು ಬೇಜಾರಾಗಿ ಮನೆಗೆ ಹೋಗುತ್ತಾರೆ. ಕೆಲವರು ತಿರುಗಿ ಬಂದು ಅವನಿಗೆ ಎರಡು ಬಾರಿಸುತ್ತಾರೆ. ಇನ್ನು ಕೋರ್ಟು, ಆಸ್ಪತ್ರೆ, ಪುರಸಭೆಗಳ ಜಗಲಿಯಲ್ಲಿ ದರ್ಜೆ ಇಲ್ಲದ ಕೆಲವರು ಸಾಲಾಗಿ ಕೂತಿರುತ್ತಾರೆ. ಅವರಿಗೆ ನಡುಮಾತಿನವರು ಅಂತ ಹೆಸರು. ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸಿ ದಿನಗೂಲಿ ತೆಗೆದುಕೊಳ್ಳುತ್ತಾರೆ.

ನನ್ನ ಅಕ್ಕ ಪಾರಿಜಾತ ಮೇಷ್ಟ್ರಮ್ಮ. ಭಾವ ಪುರಸಭೆಯವರು. ಮದುವೆಯಾದಾಗ ಇಬ್ಬರೂ ಮೂರನೇ ದರ್ಜೆ. ಭಾವನಿಗೆ ಮೇಲಿಂದ ಮೇಲೆ ಎರಡು ಬಡ್ತಿ ಬಂತು. ಅಕ್ಕ ಬೀದಿಗೆಲ್ಲ ಪೇಡ ಹಂಚಿ ಒಳಗೆ ಬಂದು ಅಳುತ್ತಾ ಕೂತಳು. ಮಗಳು ಇರುವವರೆಗೆ ಅವಳೇ ಮಾತು ದಾಟಿಸುತ್ತಿದ್ದಳು. ಅವಳ ಮದುವೆಯಾದ ಮೇಲೆ ಸಂಜೆ ಹೊತ್ತು ಒಬ್ಬಳು ನಡುಮಾತಿನವಳನ್ನು ಇಟ್ಟುಕೊಂಡರು. ಆ ಮಹಾತಾಯಿಗೆ ಜಗಳ ಅಂದರೆ ಆಗದು. ಅಕ್ಕ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಿ ಬೈದರೆ, ಭಾವನ ಹತ್ತಿರ ಹೋಗುವಷ್ಟರಲ್ಲಿ ಅದು "ಅಮ್ಮಾವ್ರು ಹಾಲು ತರೋಕೆ ಹೇಳಿದ್ರು" ಅಂತ ಆಗಿರುತ್ತದೆ. ಭಾವ ಪಾಪ ಹಾಲು ತರುತ್ತಾರೆ. ಅಕ್ಕನ ಮನೆಯಲ್ಲಿ ಯಾವಾಗ ನೋಡಿದರೂ ಮೂರು ದಿನಕ್ಕಾಗುವಷ್ಟು ಹಾಲು.

ಇಂಥ ಊರಲ್ಲಿ ಕೇಂದ್ರ ಬ್ಯಾಂಕಿಗೆ ಮಾತ್ರ ದರ್ಜೆ ಇರಲಿಲ್ಲ. ಹುದ್ದೆ ಇತ್ತು, ಸಂಬಳದಲ್ಲಿ ಹೆಚ್ಚುಕಮ್ಮಿ ಇತ್ತು, ದರ್ಜೆ ಹಾಕುವುದನ್ನು ಮಾತ್ರ ಕಟ್ಟಿದವರು ಮರೆತಿದ್ದರು. ಹಾಗಾಗಿ ಗವರ್ನರಿಂದ ಹಿಡಿದು ಗುಡಿಸುವವರ ತನಕ ಎಲ್ಲರ ಮಾತೂ ಎಲ್ಲರಿಗೂ ಕೇಳಿಸುತ್ತಿತ್ತು. ಹೊರಗಿನವರು ನಮ್ಮ ಬ್ಯಾಂಕಿಗೆ ಸಂತೆ ಅನ್ನುತ್ತಿದ್ದರು, ಅದರಲ್ಲಿ ಸುಳ್ಳೇನಿಲ್ಲ. ಬಡ್ಡಿ ದರ ಗೊತ್ತು ಮಾಡುವ ದಿನ ಮೀಟಿಂಗ್ ಹಾಲಿನ ಕಿಟಕಿಯ ಕೆಳಗೆ ನಿಂತು ತೋಟದ ಮಾಲಿ "ಕಾಲು ಪರ್ಸೆಂಟ್ ಇಳಿಸಿ ಸ್ವಾಮಿ, ಮಗಳ ಮದುವೆ ಇದೆ" ಅನ್ನುವನು. ಹಳೆಯ ಗವರ್ನರು ಕಿಟಕಿಯಿಂದ ತಲೆ ಹೊರಗೆ ಹಾಕಿ "ಸುಮ್ನಿರಯ್ಯ, ಇಲ್ಲಿ ನನ್ನ ಮದುವೆ ನಡೀತಿದೆ" ಅನ್ನುವರು.

ನಾನು ಸರ್ವಮಂಗಳ. ಸಿಬ್ಬಂದಿ ವಿಭಾಗಕ್ಕೆ ಹೊಸದಾಗಿ ಸೇರಿದಾಗ ರಜೆಯ ವಿಚಾರ ಕೇಳಲು ನೆಲಮಾಳಿಗೆಗೆ ಹೋಗಿದ್ದೆ. ಹರಿದ ನೋಟು, ಮಾಸಿದ ನೋಟು ಎಲ್ಲ ಅಲ್ಲಿಗೆ ಬರುತ್ತವೆ, ಯಂತ್ರ ಅವನ್ನು ಪುಡಿ ಮಾಡುತ್ತದೆ. ಯಂತ್ರಕ್ಕೆ ನೋಟು ಉಣ್ಣಿಸುತ್ತಾ ನಿಂತಿದ್ದ ಒಬ್ಬ ಮನುಷ್ಯ ನನ್ನನ್ನು ನೋಡಿ "ಬಾಗಿಲು ಹಾಕ್ರೀ, ಚೂರೆಲ್ಲ ಹಾರಿ ಹೋಗುತ್ತೆ!" ಅಂತ ಗದರಿದ. ಅವರೇ ತಿಪ್ಪೇಸ್ವಾಮಿ, ನನ್ನ ಗಂಡ. ಬೇರೆ ಆಫೀಸಾಗಿದ್ದರೆ ಆ ಗದರಿದ್ದು ನನಗೆ ಕೇಳಿಸುತ್ತಲೇ ಇರಲಿಲ್ಲ. ಬಾಗಿಲು ತೆಗೆದಿಟ್ಟೇ ಹೋಗಿರುತ್ತಿದ್ದೆ.

ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಆದರೂ ಮನೆ ತುಂಬಿದ ಹಾಗೇ ಇರುತ್ತಿತ್ತು, ಈ ಮನುಷ್ಯನ ಬಾಯಿಯಿಂದ. ಹಗಲೆಲ್ಲ ಯಂತ್ರದ ಸದ್ದಿನಲ್ಲಿ ಮಾತಾಡೋಕೆ ಆಗದು, ಅದಕ್ಕೆ ಇಡೀ ದಿನದ್ದನ್ನು ಕೂಡಿಟ್ಟು ಮನೆಗೆ ತರುತ್ತಿದ್ದರು. ನಾನು ಒಗ್ಗರಣೆ ಹಾಕುತ್ತಿದ್ದರೆ ಇವರು ಅಡಿಗೆಮನೆ ಹೊಸ್ತಿಲ ಮೇಲೆ ಕೂತು ಶುರು ಮಾಡುವರು. "ಇವತ್ತು ಒಂದು ನೂರರ ನೋಟು ಬಂದಿತ್ತು ಮಂಗಳಾ, ಮೆಂತ್ಯದ ವಾಸನೆ. ಹತ್ತು ವರ್ಷ ಡಬ್ಬಿಯೊಳಗೆ ಇದ್ದಿರಬೇಕು. ಯಾವಳೋ ಪುಣ್ಯಾತ್ಗಿತ್ತಿ ಅತ್ತೆಗೆ ಗೊತ್ತಾಗದ ಹಾಗೆ ಮುಚ್ಚಿಟ್ಟಿದ್ದಾಳೆ. ಕೊನೆಗೆ ಅತ್ತೆ ಸತ್ತ ದಿನ..." ಹೀಗೆ ಅತ್ತೆ ಸಾಯುವರು, ಸೊಸೆ ಅಳುವಳು, ಡಬ್ಬಿ ಉರುಳುವುದು, ಅಷ್ಟರಲ್ಲಿ ನನ್ನ ಸಾಸಿವೆ ಸೀದು ಹೋಗುವುದು. "ಸಾಕು ಮಾಡ್ರೀ, ತಲೆ ಚಿಟ್ಟು ಹಿಡೀತು" ಅಂತ ನಾನು ದಿನಾ ಅನ್ನುತ್ತಿದ್ದೆ. ದಿನಾ ಅಂದರೆ ದಿನಾ. ನನಗೆ ಕಥೆ ಗಿಥೆ ಹೇಳಿ ಗೊತ್ತಿಲ್ಲ. ಇದ್ದದ್ದು ಇದ್ದ ಹಾಗೆ ಹೇಳುವುದು, ಮುಗಿಸುವುದು.

ಆ ವರ್ಷ ಬೇರೆ ಊರಿನ ಖಜಾನೆಯಿಂದ ಹೊಸ ಗವರ್ನರು ಬಂದರು. ಅಲ್ಲಿ ಅವರು ಬಹಳ ಮೇಲಿನ ದರ್ಜೆಯಲ್ಲಿದ್ದವರು, ಬಹಳ ವರ್ಷ ನಿಶ್ಶಬ್ದದಲ್ಲಿ ಕೆಲಸ ಮಾಡಿದವರು. ಮೊದಲ ದಿನ ಮೆಟ್ಟಿಲು ಹತ್ತುತ್ತಿರುವಾಗ ನೆಲ ಒರೆಸುತ್ತಿದ್ದ ಹೆಂಗಸು "ಸಾಹೇಬ್ರೇ, ಅಂಗಿ ಗುಂಡಿ ಎಡವಟ್ಟಾಗಿದೆ ನೋಡ್ಕೊಳ್ಳಿ" ಅಂದಳಂತೆ. ಅವರು ಅಲ್ಲೇ ನಿಂತುಬಿಟ್ಟರಂತೆ. ಇಷ್ಟು ವರ್ಷದಲ್ಲಿ ಹಾಗೆ ಹೇಳಿದವರು ಇರಲಿಲ್ಲವೋ, ಹೇಳಿದ್ದು ಕೇಳಿಸಿರಲಿಲ್ಲವೋ, ಯಾರಿಗೆ ಗೊತ್ತು. ಮಧ್ಯಾಹ್ನವೇ ನನ್ನನ್ನು ಕರೆಸಿದರು.

"ಸರ್ವಮಂಗಳಾ ಅವರೇ, ಈ ಬ್ಯಾಂಕಿಗೆ ದರ್ಜೆ ಮಾಡಬೇಕು. ಏಳು."

"ಏಳೇ ಯಾಕೆ ಸಾರ್?"

"ಎಲ್ಲ ಕಡೆಯೂ ಏಳೇ ಇರೋದು. ಯಾರ ಮುಖವನ್ನೂ ನೋಡದೆ ನ್ಯಾಯವಾಗಿ ಮಾಡಿ. ಯುಗಾದಿ ಮಾರನೇ ದಿನ ಸೂರ್ಯ ಹುಟ್ಟೋ ಹೊತ್ತಿಗೆ ಜಾರಿಗೆ ಬರಬೇಕು." ಆಮೇಲೆ ಕಿಟಕಿ ಕಡೆ ನೋಡಿ ಮೆಲ್ಲಗೆ ಅಂದರು, "ಆ ಮಾಲಿ ಯಾವಾಗಲೂ ಹೀಗೇನಾ?"

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಇಷ್ಟು ವರ್ಷ ರಜೆ ಅರ್ಜಿ, ವೈದ್ಯಕೀಯ ಬಿಲ್ಲು ಅಂತ ಸವೆದವಳಿಗೆ ಮೊದಲ ಸಲ ದೊಡ್ಡ ಕೆಲಸ ಸಿಕ್ಕಿತ್ತು. ಪ್ರತಿ ಹುದ್ದೆಯನ್ನೂ ನಾಲ್ಕು ಬಗೆಯಲ್ಲಿ ತೂಗುವುದು ಅಂತ ಗೊತ್ತು ಮಾಡಿಕೊಂಡೆ: ಎಷ್ಟು ಓದು ಬೇಕು, ತಪ್ಪಾದರೆ ಎಷ್ಟು ನಷ್ಟ, ಎಷ್ಟು ಜನರನ್ನು ನೋಡಿಕೊಳ್ಳಬೇಕು, ಮೈಗೆ ಎಷ್ಟು ಕಷ್ಟ. ಎಲ್ಲದಕ್ಕೂ ಅಂಕ. ಅಂಕ ಕೂಡಿಸಿದರೆ ದರ್ಜೆ ತಾನಾಗಿ ಬರುತ್ತದೆ. ಹುದ್ದೆಯನ್ನು ತೂಗಬೇಕೇ ಹೊರತು ಕುರ್ಚಿಯಲ್ಲಿ ಕೂತವರನ್ನಲ್ಲ, ಇದು ಈ ಕೆಲಸದ ಮೊದಲ ಪಾಠ. ನೋಟ್‌ಬುಕ್ಕು ಹಿಡಿದು ಮಾಳಿಗೆ ಮಾಳಿಗೆ ತಿರುಗಿದೆ. "ನೀವು ಏನು ಕೆಲಸ ಮಾಡ್ತೀರಿ?" ಅಂತ ಕೇಳಿದರೆ ಸಂಖ್ಯಾಶಾಸ್ತ್ರದವರೊಬ್ಬರು ಅರ್ಧ ಗಂಟೆ ಯೋಚನೆ ಮಾಡಿ "ನಾಳೆ ಹೇಳ್ತೀನಿ ಮೇಡಂ" ಅಂದರು. ಮಾರನೇ ದಿನ ರಜೆ ಹಾಕಿದರು.

ಎಲ್ಲರೂ ಮೇಲಿನ ದರ್ಜೆಗೆ ಮುಗಿಬೀಳುತ್ತಾರೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ನಮ್ಮ ಜನಕ್ಕೆ ಬೇಕಾಗಿದ್ದದ್ದು ಯಾರ ಪಕ್ಕ ಅನ್ನುವುದು. ಸಾಲ ವಿಭಾಗದ ಒಬ್ಬರು ಬಾಗಿಲು ಹಾಕಿಕೊಂಡು "ನನ್ನನ್ನ ನಮ್ಮ ಮೇನೇಜರಿಗಿಂತ ಎರಡು ದರ್ಜೆ ದೂರ ಇಡಿ. ಮೇಲೋ ಕೆಳಗೋ ನಿಮ್ಮಿಷ್ಟ" ಅಂದರು. ಅವರು ಹೋದ ಮೇಲೆ ಮೇನೇಜರೂ ಬಂದು ಅದನ್ನೇ ಕೇಳಿದರು. ಊಟದ ಹೊತ್ತಿಗೆ ಇಸ್ಪೀಟು ಆಡುವ ನಾಲ್ವರು ಒಟ್ಟಿಗೆ ಬಂದು, ನಾಲ್ವರಿಗೂ ಒಂದೇ ದರ್ಜೆ ಕೊಟ್ಟರೆ ಯಾವುದಾದರೂ ಪರವಾಗಿಲ್ಲ ಅಂದರು. ಟೈಪಿಸ್ಟ್ ಹುಡುಗಿ ಒಬ್ಬಳು, ಸಂಶೋಧನೆಯ ಒಬ್ಬ ಹುಡುಗನ ಹೆಸರು ಹೇಳಲಾರದೆ, ಅವನ ಕೋಣೆಯ ನಂಬರು ಹೇಳಿ ಅತ್ತಳು. ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ: "ಅಂಕ ಏನು ಬರುತ್ತೋ ಅದೇ. ನಾನು ಯಾರ ಮುಖ ನೋಡಿಯೂ ಬರೆಯೋದಿಲ್ಲ." ಆ ಹುಡುಗಿಗೂ ಅದನ್ನೇ ಹೇಳಿದೆ. ಹೇಳುವಾಗ ನಾನು ಭಾರಿ ನ್ಯಾಯವಂತೆ ಅಂತ ಒಳಗೊಳಗೆ ಹೆಮ್ಮೆಯೂ ಪಟ್ಟೆ.

ನೆಲಮಾಳಿಗೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಯಾಕೆ ಅಂತ ನನಗೆ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇದ್ದೆ. ನೋಟು ಪುಡಿ ಮಾಡುವ ಹುದ್ದೆಗೆ ಓದು ಬೇಕಿಲ್ಲ. ಕೈ ಕೆಳಗೆ ಜನ ಇಲ್ಲ. ಮೈಗೆ ಕಷ್ಟ ಇದೆ, ದೂಳು ಇದೆ, ಸದ್ದು ಇದೆ, ಅದಕ್ಕೆ ಎಷ್ಟು ಕೊಡಬಹುದೋ ಅಷ್ಟೂ ಕೊಟ್ಟೆ. ಎರಡನೇ ದರ್ಜೆ ಬಂತು. ಮತ್ತೆ ಕೂಡಿಸಿದೆ, ಎರಡೇ. ನನ್ನ ಹುದ್ದೆಯ ಅಂಕ ಮೊದಲೇ ಆಗಿತ್ತು, ಐದನೇ ದರ್ಜೆ. ಪುಡಿ ಮಾಡುವವರನ್ನು ನಾಲ್ಕಕ್ಕೆ ಏರಿಸಿದರೆ ನೋಟು ಎಣಿಸುವವರನ್ನು ಐದಕ್ಕೆ ಏರಿಸಬೇಕು, ಅವರನ್ನು ಏರಿಸಿದರೆ ಖಜಾನೆಯವರು ಸುಮ್ಮನಿರುತ್ತಾರೆಯೇ? ನನಗೆ ಭಯವಾಯಿತು. ಅಕ್ಕನ ಮನೆಯ ಹಾಲೆಲ್ಲ ಕಣ್ಣ ಮುಂದೆ ಬಂತು.

ಗವರ್ನರ ಹತ್ತಿರ ಹೋಗಿ, ನನ್ನ ಹುದ್ದೆಯನ್ನು ಮೂರಕ್ಕೆ ಇಳಿಸಿಬಿಡುತ್ತೇನೆ ಸಾರ್, ಸಂಬಳ ಕಮ್ಮಿಯಾದರೂ ಪರವಾಗಿಲ್ಲ ಅಂದೆ. ಅವರು ಎರಡು ಸಲ ಕನ್ನಡಕ ಒರೆಸಿಕೊಂಡರು. "ಹುದ್ದೆಯನ್ನ ತೂಗಬೇಕು, ಕೂತವರನ್ನಲ್ಲ ಅಂತ ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಲ್ಲ" ಅಂದರು. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗಾಯಿತು ನನ್ನ ಪಾಡು. ದರಿ ತೋಡಿದವಳೂ ನಾನೇ.

ಅವತ್ತು ಸಂಜೆ ಊಟಕ್ಕೆ ಕೂತಾಗ ಹೇಳಿದೆ. ಇವರು ಮುದ್ದೆ ಮುರಿಯುತ್ತಿದ್ದರು.

"ನಿಮ್ಮ ಕೋಣೆಯದು ಮುಗೀತು ರೀ."

"ಎಷ್ಟು ಬಂತು?"

"ಎರಡು."

"ನಿಂದು?"

"ಐದು."

ಮುದ್ದೆಯ ತುತ್ತು ಸಾರಿನಲ್ಲಿ ಅದ್ದಿ ನುಂಗಿದರು. ಇನ್ನೊಂದು ತುತ್ತು ನುಂಗಿದರು. ಆಮೇಲೆ "ಸೊಪ್ಪು ಚೆನ್ನಾಗಿ ಬೆಂದಿದೆ" ಅಂದರು. ನನಗೆ ಎಲ್ಲಿತ್ತೋ ಕೋಪ! "ಬೈಯ್ರಿ! ನನ್ನನ್ನ ಬೈಯ್ರಿ! ಸೊಪ್ಪಿನ ವಿಷಯ ಆಡ್ತಾ ಕೂತಿದ್ದೀರಲ್ಲ, ನಾಳೆ ನೀವು ಸೊಪ್ಪು ಅಂದ್ರೂ ನನಗೆ ಕೇಳಿಸೋದಿಲ್ಲ, ಉಪ್ಪು ಅಂದ್ರೂ ಕೇಳಿಸೋದಿಲ್ಲ!" ಅಂತ ಕೂಗಾಡಿದೆ.

"ಯಾಕೆ ಬೈಲಿ? ನಾನೇ ಕೂತು ಬರೆದಿದ್ರೂ ಎರಡೇ ಬರೀತಿದ್ದೆ. ಯಂತ್ರದ ಬಾಯಿಗೆ ಕಾಗದ ಹಾಕೋ ಕೆಲಸ ಕಣೇ ಅದು. ಅದಕ್ಕೆ ನಾಲ್ಕು ಕೊಟ್ಟಿದ್ರೆ ಆ ಟೈಪಿಂಗ್ ಹುಡುಗಿ ಮುಖ ನೋಡೋಕಾಗ್ತಿತ್ತಾ ನಿನಗೆ?"

"ಅವಳ ಮುಖ ಕಟ್ಕೊಂಡು ನನಗೇನಾಗಬೇಕು!"

"ಹಾಗನ್ನಬೇಡ" ಅಂದರು. ನಾನು ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದೆ. ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆದೆ. ಅಳುತ್ತಲೇ ತೊಳೆದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಬಾಯಿ ಮುಚ್ಚಿ ಬಾಯಿ ಮುಚ್ಚಿ ಅಂತ ಎಷ್ಟು ಸಲ ಅಂದಿದ್ದೆನೋ, ಅಷ್ಟು ಸಲವೂ ನನಗೇ ಚುಚ್ಚಿತು. ನನಗೆ ಆ ಮನುಷ್ಯನ ಮಾತು ಬೇಕಾಗಿತ್ತು, ಸಾಸಿವೆ ಸೀದರೂ ಬೇಕಾಗಿತ್ತು.

ಯುಗಾದಿ ಬಂತು. ಬೇವು ಬೆಲ್ಲ ಕೊಟ್ಟರು, ಕಾಲಿಗೆ ಬಿದ್ದೆ, ಒಬ್ಬಟ್ಟು ತಿಂದರು. ಅವತ್ತಾದರೂ ಬಾಯಿ ತುಂಬ ಮಾತಾಡುತ್ತಾರೆ ಅಂತ ಇಡೀ ದಿನ ಅವರ ಹಿಂದೆ ಮುಂದೆ ಸುಳಿದಾಡಿದೆ. ಅವರು ಮಧ್ಯಾಹ್ನ ಗಡದ್ದಾಗಿ ನಿದ್ದೆ ಮಾಡಿದರು. ಸಂಜೆ ಮಾಳಿಗೆ ಹತ್ತಿ ಚಂದ್ರನನ್ನು ನೋಡಿದರು. ನಾಳೆಯಿಂದ ಸದ್ದಿಲ್ಲ ಅನ್ನುವ ಯೋಚನೆಯೇ ಇಲ್ಲದ ಹಾಗೆ. ಇವರಿಗೆ ನಾನು ಬೇಕಾಗಿಲ್ಲವೇನೋ ಅಂತ ಕೂಡ ಅನ್ನಿಸಿತು ನನಗೆ.

ಮಾರನೇ ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದೆ. ಅವರು ಬಂದು ಹೊಸ್ತಿಲ ಮೇಲೆ ಕೂತದ್ದು ಗೊತ್ತಾಯಿತು. ಬರೀ ತುಟಿ ಆಡುವುದನ್ನು ನೋಡುವ ಧೈರ್ಯ ಇಲ್ಲದೆ ನಾನು ಬೆನ್ನು ತಿರುಗಿಸಿಯೇ ನಿಂತಿದ್ದೆ.

"ಸಕ್ಕರೆ ಸ್ವಲ್ಪ ಮುಂದಾಗೇ ಇರಲಿ ಮಂಗಳಾ."

ಕೇಳಿಸಿತು. ದರ್ಜೆ ಇನ್ನೂ ಜಾರಿಯಾಗಿಲ್ಲ ಅಂದುಕೊಂಡೆ. ಸೂರ್ಯ ಆಗಲೇ ಎದುರು ಮನೆಯ ಟ್ಯಾಂಕಿನ ಮೇಲೆ ಬಂದಿದ್ದ. ಎಲ್ಲೋ ಕೂಡುವುದರಲ್ಲಿ ತಪ್ಪಿದೆನೇ? ತಿರುಗಿ ನೋಡಿದರೆ ಯೂನಿಫಾರ್ಮ್ ಇಲ್ಲ, ಲುಂಗಿಯಲ್ಲಿ ಕೂತಿದ್ದಾರೆ.

"ಹಬ್ಬದ ಹಿಂದಿನ ದಿನ ಗವರ್ನರ ಕೈಗೇ ರಾಜೀನಾಮೆ ಕೊಟ್ಟೆ" ಅಂದರು. "ದರ್ಜೆ ಇಲ್ಲದವನಿಗೆ ಯಾರ ಹಂಗು? ನೀನು ಏಳಕ್ಕೆ ಹೋದ್ರೂ ಕೇಳಿಸುತ್ತೆ."

"ಪಿಂಚಣಿ?"

"ಅದು ಹೋಯ್ತು."

ಕೈಲಿದ್ದ ಸೋಸುವ ಬಟ್ಟೆ ಎಸೆದು ಬೈದೆ. ಬುದ್ಧಿ ಇದೆಯೇನ್ರೀ ನಿಮಗೆ, ಮೂರು ವರ್ಷ ಕಳೆದಿದ್ದರೆ ತಾನಾಗೇ ನಿವೃತ್ತಿ ಆಗುತ್ತಿರಲಿಲ್ಲವೇ, ಒಂದು ಮಾತು ಕೇಳಬಾರದಿತ್ತೇ ಅಂತ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಮೂರು ವರ್ಷ ಸುಮ್ನಿರೋಕೆ ನನ್ನಿಂದ ಆಗುತ್ತೇನೇ?" ಅಂದರು. ನಾನು ಬೈಯುತ್ತಲೇ ಅವರ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಬ್ಯಾಂಕಿಗೆ ಹೋದರೆ ನಿಶ್ಶಬ್ದ. ಗೇಟಿನವನು ತುಟಿ ಆಡಿಸಿದ, ನಾನು ತಲೆ ಆಡಿಸಿದೆ. ಒಳಗೆ ಜನ ಎಂದಿನ ಹಾಗೆ ಕೈ ಬೀಸಿಕೊಂಡು ವಾದ ಮಾಡುತ್ತಿದ್ದರು, ಎದುರಿಗಿದ್ದವರು ಬೇರೆ ಏನಕ್ಕೋ ಉತ್ತರ ಕೊಡುತ್ತಿದ್ದರು. ಇಸ್ಪೀಟಿನ ನಾಲ್ವರಲ್ಲಿ ಒಬ್ಬರು ಒಂಟಿಯಾಗಿ ಕೂತು ಎಲೆ ಕಲೆಸುತ್ತಿದ್ದರು. ಸಾಲ ವಿಭಾಗದವರೂ ಅವರ ಮೇನೇಜರೂ ಮಾತ್ರ ಕೇಳಿದ್ದು ಸಿಕ್ಕಿ, ಎದುರುಬದುರು ಕೂತು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಹತ್ತು ಗಂಟೆಗೆ ಖಜಾನೆಯ ಬಾಗಿಲು ತೆಗೆಯಬೇಕು. ಆ ಬಾಗಿಲಿಗೆ ಎರಡು ಬೀಗ, ಉದ್ದನೆಯ ಗೋಡೆಯ ಆ ತುದಿಗೊಂದು ಈ ತುದಿಗೊಂದು. ನಡುವೆ ಕಲ್ಲಿನ ಕಂಬ, ಹಾಗಾಗಿ ಒಬ್ಬರಿಗೊಬ್ಬರು ಕಾಣುವುದಿಲ್ಲ. ಇಬ್ಬರೂ ಒಂದೇ ಸಲಕ್ಕೆ ಕೀಲಿ ತಿರುಗಿಸಬೇಕು. ಬ್ಯಾಂಕು ಕಟ್ಟಿದಾಗಿಂದ ಒಬ್ಬರು "ಹೂಂ?" ಅನ್ನುವುದು, ಇನ್ನೊಬ್ಬರು "ಹೂಂ!" ಅನ್ನುವುದು, ತಿರುಗಿಸುವುದು, ಹೀಗೇ ನಡೆದು ಬಂದಿತ್ತು. ಒಂದು ಕೀಲಿ ಖಜಾನೆ ಅಧಿಕಾರಿ ವಿರೂಪಾಕ್ಷಯ್ಯನವರದು, ಇನ್ನೊಂದು ಕಾವಲಿನ ದ್ಯಾವಣ್ಣನದು. ಒಂದೇ ವಿಭಾಗದ ಇಬ್ಬರ ಕೈಯಲ್ಲಿ ಕೀಲಿ ಇರಬಾರದು ಅಂತ ಹಳೆಯ ಪದ್ಧತಿ. ವಿರೂಪಾಕ್ಷಯ್ಯನವರಿಗೆ ನಾಲ್ಕು ಕೊಟ್ಟವಳೂ ನಾನೇ, ದ್ಯಾವಣ್ಣನಿಗೆ ಎರಡು ಕೊಟ್ಟವಳೂ ನಾನೇ. ಓದು, ನಷ್ಟ, ಜನ, ಕಷ್ಟ ಎಲ್ಲ ತೂಗಿದ್ದೆ. ಹೂಂ ಅನ್ನುವುದಕ್ಕೆ ಅಂಕ ಇಟ್ಟಿರಲಿಲ್ಲ.

ಹನ್ನೊಂದಾದರೂ ಬಾಗಿಲು ತೆರೆಯಲಿಲ್ಲ. ವಿರೂಪಾಕ್ಷಯ್ಯ ಹೂಂ ಅಂದು ಕಾದರು, ದ್ಯಾವಣ್ಣ ಹೂಂ ಅಂದು ಕಾದ. ಹೊರಗೆ ಊರಿನ ಎಲ್ಲ ಬ್ಯಾಂಕಿನ ಗಾಡಿಗಳೂ ಸಾಲು ನಿಂತವು. ಗವರ್ನರು ಕೆಳಗೆ ಇಳಿದು ಬಂದು ನನ್ನತ್ತ ಬೆರಳು ಮಾಡಿ ತುಟಿ ಆಡಿಸತೊಡಗಿದರು. ಅವರು ಏಳು, ನಾನು ಐದು, ಒಂದಕ್ಷರ ಕೇಳಿಸಲಿಲ್ಲ. ಆರನೇ ದರ್ಜೆಯ ಡೆಪ್ಯುಟಿ ಅನಂತಶಯನರು ಪಕ್ಕದಲ್ಲಿ ನಿಂತು "ಸಾಹೇಬರಿಗೆ ಸ್ವಲ್ಪ ಬೇಸರವಾಗಿದೆಯಂತೆ" ಅಂದರು. ಗವರ್ನರ ಕತ್ತಿನ ನರ ಉಬ್ಬಿತ್ತು. ಅನಂತಶಯನರು ಒಳ್ಳೆಯವರು, ನಮ್ಮ ಅಕ್ಕನ ಮನೆಯ ನಡುಮಾತಿನವಳ ಜಾತಿಗೆ ಸೇರಿದವರು.

"ಮೂರನೇ ದರ್ಜೆಯ ಯಾರನ್ನಾದರೂ ನಡುವೆ ನಿಲ್ಲಿಸೋಣ ಸಾರ್" ಅಂದೆ. ಅದಕ್ಕೆ ಅನಂತಶಯನರು, ಇವತ್ತು ಖಜಾನೆಗೆ ಹಾಗೆ ನಿಲ್ಲಿಸಿದರೆ ನಾಳೆ ಪ್ರತಿ ಮಾಳಿಗೆಗೂ ಬೇಕಾಗುತ್ತದೆ, ಕೆಲಸ ಬಿಟ್ಟು ಅವರು ಅದನ್ನೇ ಮಾಡಬೇಕಾಗುತ್ತದೆ, ದರ್ಜೆಯೇ ಇಲ್ಲದವರೊಬ್ಬರು ಸಿಕ್ಕರೆ ವಾಸಿ, ಆದರೆ ಹೊರಗಿನವರನ್ನು ಖಜಾನೆಯ ಒಳಗೆ ಬಿಡುವಂತಿಲ್ಲ, ನಮಗೆ ಗೊತ್ತಿರುವ ನಂಬಿಕಸ್ಥರು ಬೇಕು ಅಂದರು. ನನ್ನ ಬಾಯಿ ಸುಮ್ಮನಿರಬಾರದಿತ್ತೇ! ಹೋದ ಪಿಂಚಣಿ ಕಣ್ಣ ಮುಂದೆ ಬಂತು. "ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ ಸಾರ್. ಲುಂಗಿಯಲ್ಲಿದ್ದಾರೆ" ಅಂದೆ.

ಬ್ಯಾಂಕಿನ ಜೀಪೇ ಹೋಗಿ ಕರೆತಂದಿತು. ಇವರು ಕಂಬದ ಪಕ್ಕ ನಿಂತು ವಿರೂಪಾಕ್ಷಯ್ಯನವರ ಕಡೆ ಕಿವಿಕೊಟ್ಟರು, ದ್ಯಾವಣ್ಣನ ಕಡೆ ತಿರುಗಿ "ಹೂಂ?" ಅಂದರು, ಅವನ "ಹೂಂ!" ತಂದು ವಿರೂಪಾಕ್ಷಯ್ಯನವರಿಗೆ ಕೊಟ್ಟರು. ಬಾಗಿಲು ತೆರೆಯಿತು. ಜನ ಚಪ್ಪಾಳೆ ತಟ್ಟಿದರು, ಚಪ್ಪಾಳೆ ಎಲ್ಲರಿಗೂ ಕೇಳಿಸಿತು. ಸಂಜೆಯೊಳಗೆ ದಿನಗೂಲಿಯ ಮೇಲೆ ಕೆಲಸ ಗಟ್ಟಿಯಾಯಿತು.

ಖಜಾನೆಗೆ ಅಂತ ಬಂದವರು ಇಡೀ ಬ್ಯಾಂಕಿಗೆ ಬೇಕಾದರು. ಬೆಳಿಗ್ಗೆಯಿಂದ ಸಂಜೆವರೆಗೆ "ತಿಪ್ಪೇಸ್ವಾಮೀ, ತಿಪ್ಪೇಸ್ವಾಮೀ" ಅಂತ ಎಲ್ಲ ಮಾಳಿಗೆಯಿಂದಲೂ ಕೂಗು. ಒಂದನೇ ದರ್ಜೆಯವರ ದೂರು ನಾಲ್ಕಕ್ಕೆ, ಮೂರನೆಯವರ ಲೆಕ್ಕ ಆರಕ್ಕೆ, ಮಾಲಿಯ ಕಾಲು ಪರ್ಸೆಂಟು ಏಳಕ್ಕೆ. ಟೈಪಿಂಗ್ ಹುಡುಗಿ ಮತ್ತು ಆ ಕೋಣೆ ನಂಬರಿನ ಹುಡುಗನ ನಡುವೆಯೂ ಇವರೇ ಓಡಾಡಿದರು, ಅಲ್ಲಿ ಏನೇನು ದಾಟಿಸಿದರೋ ನನಗೆ ಹೇಳಲಿಲ್ಲ. ಬೇರೆ ನಡುಮಾತಿನವರ ಹಾಗೆ ಇವರು ಬೈಗುಳಕ್ಕೆ ಹಾಲು ಬೆರೆಸುತ್ತಿರಲಿಲ್ಲ. ಅಳುತ್ತಾ ಹೇಳಿದ್ದನ್ನು ಅಳುತ್ತಲೇ ಮುಟ್ಟಿಸುವರು, ರೇಗಿ ಹೇಳಿದ್ದನ್ನು ರೇಗಿ. ಗವರ್ನರಂತೂ ದಿನಾ ಸಂಜೆ ಕಾರು ಹತ್ತುವ ಮೊದಲು ಇವರನ್ನು ಕರೆಸಿ "ಕೆಳಗೆ ನನ್ನ ಬಗ್ಗೆ ಏನಂತಾರೆ?" ಅಂತ ಕೇಳುತ್ತಿದ್ದರಂತೆ. ನಿಶ್ಶಬ್ದ ಬೇಕು ಅಂದವರು!

ಮೊದಲ ದಿನ ಮನೆಗೆ ಬಂದು ಊಟ ಮಾಡಿ ಗೋಡೆಗೆ ಒರಗಿ ಕೂತರು. ಸುಸ್ತಾಗಿದೆ ಅಂದುಕೊಂಡೆ. ಎರಡನೇ ದಿನವೂ ಹಾಗೇ. ವಾರವಾಯಿತು, ತಿಂಗಳಾಯಿತು. ಹೊಸ್ತಿಲ ಮೇಲೆ ಬಂದು ಕೂರುತ್ತಾರೆ, ನಾನು ಒಗ್ಗರಣೆ ಹಾಕುತ್ತೇನೆ, ಸಾಸಿವೆ ಸರಿಯಾಗಿ ಸಿಡಿಯುತ್ತದೆ, ಒಂದೂ ಸೀಯುವುದಿಲ್ಲ. ಸಾರು ಬೇಕೇ ಅಂದರೆ ಹೂಂ, ಸಾಕೇ ಅಂದರೆ ಹೂಂ. ನನ್ನ ಕಿವಿ ಚೆನ್ನಾಗಿಯೇ ಇದೆ, ಅವರು ಉಸಿರು ಬಿಟ್ಟರೂ ಕೇಳಿಸುತ್ತದೆ. ಕೇಳಿಸಿಕೊಳ್ಳುವುದಕ್ಕೆ ಏನೂ ಇಲ್ಲ.

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ. "ಏನಾದರೂ ಮಾತಾಡ್ರೀ. ಈ ಮಾತಿಗೋಸ್ಕರ ಅಲ್ಲವೇನ್ರೀ ಪಿಂಚಣಿ ಕಳಕೊಂಡದ್ದು?"

ಅವರು ನನ್ನನ್ನು ನೋಡಿದರು. ಕಣ್ಣು ಒಳಗೆ ಹೋಗಿದ್ದವು. "ಏನು ಮಾತಾಡಲಿ ಮಂಗಳಾ? ಬೆಳಿಗ್ಗೆಯಿಂದ ಅವರಿವರ ಮಾತು ಆಡಿ ಆಡಿ ಬಾಯಿ ಅವರದೇ ಆಗಿಹೋಗಿದೆ. ಯಂತ್ರದ ಹತ್ತಿರ ನಿಂತಾಗ ಏನಾದರೂ ಒಂದು ಹೊಳೀತಿತ್ತು. ಈಗ ನಂದು ಅಂತ ಹುಡುಕಿದ್ರೆ ಏನೂ ಸಿಗ್ತಿಲ್ಲ ಕಣೇ" ಅಂದರು. ಅವರ ಧ್ವನಿ ನಡುಗಿತು. ಆ ನಡುಕವಾದರೂ ಅವರದೇ ಅಂತ ನನಗೆ ಗೊತ್ತಾಯಿತು. ಅಳು ಬಂತು. ಈ ಮನುಷ್ಯನನ್ನು ಜೀಪು ಕಳಿಸಿ ಕರೆಸಿದವಳು ನಾನು.

ಒಲೆ ಆರಿಸಿ ಹೋಗಿ ಅವರ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತೆ. ಅಲ್ಲಿ ಇಬ್ಬರಿಗೆ ಜಾಗ ಸಾಲದು, ಒತ್ತಿಕೊಂಡು ಕೂತೆ. ಏನಾದರೂ ಹೇಳಬೇಕು ಅನ್ನಿಸಿತು, ಹೇಳಲು ನನ್ನ ಹತ್ತಿರ ಏನಿದೆ?

"ಇವತ್ತು ಬಸ್ಸಲ್ಲಿ ಒಬ್ಬಳು ಹೆಂಗಸು ಕುಂಬಳಕಾಯಿ ತೊಡೆ ಮೇಲೆ ಇಟ್ಕೊಂಡು ಕೂತಿದ್ದಳು" ಅಂದೆ.

ಅವರು ನನ್ನ ಕಡೆ ನೋಡಿದರು. "ಆಮೇಲೆ?"

"ಆಮೇಲೇನು, ಅವಳ ಸ್ಟಾಪು ಬಂತು, ಇಳಿದಳು."

"ಓ" ಅಂದರು. ಮುಖ ಮತ್ತೆ ಗೋಡೆಯ ಕಡೆ ತಿರುಗುತ್ತಿತ್ತು. ನಡೆದದ್ದು ಅಷ್ಟೇ. ಆ ಹೆಂಗಸು ಕುಂಬಳಕಾಯಿ ಸಮೇತ ಇಳಿದು ಹೋಗಿದ್ದಳು, ನಾನೇ ಕಣ್ಣಾರೆ ನೋಡಿದ್ದೆ. ಇಲ್ಲದ ಒಂದು ಅಂಕವನ್ನೂ ಯಾರಿಗೂ ಕೊಟ್ಟವಳಲ್ಲ ನಾನು.

"ಇಳಿಯುವಾಗ ಕುಂಬಳಕಾಯಿ ಸೀಟಿನ ಮೇಲೇ ಬಿಟ್ಟು ಹೋದಳು ರೀ" ಅಂದೆ. "ಬೇಕೂಂತಲೇ."

ಅವರು ಥಟ್ಟನೆ ತಿರುಗಿದರು. "ಅಯ್ಯೋ! ಆಮೇಲೆ?"

ಆಮೇಲೆ ಏನಾಯಿತು ಅಂತ ನನಗೆ ಗೊತ್ತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಮುಂದಿನದನ್ನು ಹೇಳಲು ಶುರು ಮಾಡಿದೆ.